ಪುಟಾಣಿ ಪಿನ್‌ಬಾಲ್ ಪೆಟ್ಟಿಗೆಗೆ ಯಾವ ಕಂಪ್ಯೂಟರ್?

ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆಯ ಮೇಲೆ ಉರುಳುವ ಗುಂಡನ್ನು ಕೆಳಗೆ ಬೀಳದಂತೆ ಹೊಡೆದು ಅಂಕ ಗಳಿಸುವ ಆಟ. ಅದರ ಅಸಲಿ ಯಂತ್ರ ನೂರು ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಅದನ್ನಿಟ್ಟರೆ ಓಡಾಡಲು ಜಾಗ ಇರಲ್ಲ. ಅದಕ್ಕೇ ಹವ್ಯಾಸಿಗಳು ಪುಟ್ಟ ವರ್ಚುವಲ್ ಯಂತ್ರ ಕಟ್ಟಿಕೊಳ್ಳುತ್ತಾರೆ. ಪ್ಲೈವುಡ್ಡಿನ ಪೆಟ್ಟಿಗೆ, ಆಟದ ಹಲಗೆಯ ಜಾಗದಲ್ಲಿ ಮಲಗಿಸಿದ ಒಂದು ಮಾನಿಟರ್, ಹಿಂದೆ ನೆಟ್ಟಗೆ ನಿಂತ ಇನ್ನೊಂದು ಚಿಕ್ಕ ಪರದೆ, ಬದಿಗಳಲ್ಲಿ ಫ್ಲಿಪ್ಪರ್ (ಗುಂಡನ್ನು ಹೊಡೆಯುವ ರೆಕ್ಕೆ) ಎಬ್ಬಿಸುವ ಬಟನ್. ಒಳಗೆ ಒಂದು ಕಂಪ್ಯೂಟರ್. ಆಟ ನಡೆಸಲು ವಿಷುವಲ್ ಪಿನ್‌ಬಾಲ್ ಎಕ್ಸ್ ಎಂಬ ಉಚಿತ ತಂತ್ರಾಂಶ ಇದೆ.

ಮರದ ಕೆಲಸಕ್ಕೆ ಬಡಗಿಯನ್ನು ಕೇಳಬಹುದು. ಆದರೆ ಆ ಪೆಟ್ಟಿಗೆಯೊಳಗೆ ಯಾವ ಕಂಪ್ಯೂಟರ್ ಹಾಕಬೇಕು ಎನ್ನುವಲ್ಲಿ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಅಷ್ಟು ಬೇಕಿಲ್ಲ.

ಮೊದಲು ಪರದೆ

ಕಂಪ್ಯೂಟರ್ ಅಂಗಡಿಗೆ ಹೋಗುವ ಮುಂಚೆ ಮಾನಿಟರ್ ತೀರ್ಮಾನಿಸಿ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. 24 ಇಂಚಿನ ಮಾನಿಟರಿನ ಪರದೆ ಸುಮಾರು 53 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. 27 ಇಂಚಿನದು 60 ಮತ್ತು 34. ಅಂಚು ಸೇರಿಸಿದರೆ ಪೆಟ್ಟಿಗೆಯ ಒಳಗಿನ ಅಗಲ ಎಷ್ಟು ಬೇಕು ಅಂತ ತಿಳಿಯುತ್ತದೆ. ಕಂಪ್ಯೂಟರ್ ಈ ಜಾಗದಲ್ಲೇ ಕೂರಬೇಕು.

ಈ ಅಳತೆಗೆ 4ಕೆ ಪರದೆ ಬೇಡ ಎಂದೇ ನನ್ನ ಸಲಹೆ. 4ಕೆ ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್. ಗ್ರಾಫಿಕ್ಸ್ ಚಿಪ್ ಅಷ್ಟನ್ನೂ ಪ್ರತಿ ಫ್ರೇಮಿನಲ್ಲೂ ಬಿಡಿಸಬೇಕು. ಆ ಭಾರ ಹೊರುವ ಗ್ರಾಫಿಕ್ಸ್ ಕಾರ್ಡ್ ದೊಡ್ಡದು, ಬಿಸಿಯೂ ಜಾಸ್ತಿ. ಅದರ ಬದಲು ಫುಲ್ ಎಚ್‌ಡಿಯಲ್ಲೇ 120 ಅಥವಾ 144 ಹರ್ಟ್ಸ್ ಮಾನಿಟರ್ ತೆಗೆದುಕೊಳ್ಳಿ. 60 ಹರ್ಟ್ಸ್‌ನಲ್ಲಿ ಹೊಸ ಚಿತ್ರ ಬರಲು 16.7 ಮಿಲಿಸೆಕೆಂಡ್, 120ರಲ್ಲಿ ಅದರ ಅರ್ಧ. ಬಟನ್ ಒತ್ತಿದ ಕ್ಷಣಕ್ಕೇ ಫ್ಲಿಪ್ಪರ್ ಎದ್ದರೆ ಮಾತ್ರ ಪಿನ್‌ಬಾಲ್ ಪಿನ್‌ಬಾಲ್ ಅನ್ನಿಸುವುದು. ಪ್ಯಾನೆಲ್ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ ಬಗೆ) ಇರಲಿ. ಮಲಗಿಸಿದ ಪರದೆಯನ್ನು ನಾವು ಓರೆಯಿಂದ ನೋಡುತ್ತೇವೆ, ಅಗ್ಗದ ಟಿಎನ್ ಪ್ಯಾನೆಲ್‌ನಲ್ಲಿ ಬಣ್ಣ ಕೆಡುತ್ತದೆ.

ಮೂರು ದಾರಿ

ಮೊದಲನೆಯದು ಅಂಗೈಯಗಲದ ಮಿನಿ ಪಿಸಿ. ಇಂಟೆಲ್ ಎನ್100 ಪ್ರೊಸೆಸರ್ ಇರುವ ಪೆಟ್ಟಿಗೆಗಳು ಅಗ್ಗ, ತಂಪು. ಹಳೆಯ, ಸರಳ ಟೇಬಲ್‌ಗಳು (ತಂತ್ರಾಂಶದಲ್ಲಿ ಒಂದೊಂದು ಪಿನ್‌ಬಾಲ್ ಆಟಕ್ಕೂ ಟೇಬಲ್ ಅನ್ನುತ್ತಾರೆ) ಅದರಲ್ಲಿ ನಡೆಯುತ್ತವೆ. ದೀಪ, ನೆರಳು, ಪ್ರತಿಫಲನ ತುಂಬಿದ ಹೊಸ ಟೇಬಲ್ ಹಾಕಿದರೆ ತಡವರಿಸುತ್ತದೆ. ಮಿನಿ ಪಿಸಿಯೇ ಬೇಕು ಅಂದರೆ ರೇಡಿಯಾನ್ 680ಎಂ ಅಥವಾ 780ಎಂ ಗ್ರಾಫಿಕ್ಸ್ ಒಳಗೇ ಇರುವ ಎಎಂಡಿ ರೈಜನ್ ಪ್ರೊಸೆಸರ್ ನೋಡಿ. ಆದರೆ ಒಂದು ಮಾತು. ಇಂಥ ಚಿಪ್‌ಗೆ ಸ್ವಂತ ಗ್ರಾಫಿಕ್ಸ್ ಮೆಮೊರಿ ಇಲ್ಲ, ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಅಂಗಡಿಯವರು 16 ಜಿಬಿಯ ಒಂದೇ ಕಡ್ಡಿ ಹಾಕಿ ಕೊಟ್ಟರೆ ಮೆಮೊರಿಗೆ ಹೋಗಿ ಬರುವ ಅರ್ಧ ದಾರಿ ಮುಚ್ಚಿದ ಹಾಗೆ. 8 ಜಿಬಿಯ ಎರಡು ಕಡ್ಡಿ ಕೇಳಿ.

ಎರಡನೆಯದು ನನಗೆ ಇಷ್ಟವಾದ ದಾರಿ. ಕಚೇರಿಗಳು ಬಳಸಿ ಬಿಟ್ಟ ಸ್ಮಾಲ್ ಫಾರ್ಮ್ ಫ್ಯಾಕ್ಟರ್, ಅಂದರೆ ಚಿಕ್ಕ ಗಾತ್ರದ ಡೆಸ್ಕ್‌ಟಾಪ್. ಬೆಂಗಳೂರಿನಲ್ಲಾದರೆ ಎಸ್‌ಪಿ ರಸ್ತೆಯಲ್ಲಿ ಇಂಥವನ್ನು ವಿಚಾರಿಸಬಹುದು. ಡೆಲ್ ಆಪ್ಟಿಪ್ಲೆಕ್ಸ್‌ನ ಈ ಮಾದರಿಗಳು ಸುಮಾರು 29 ಸೆಂ.ಮೀ. ಚೌಕ, 9 ಸೆಂ.ಮೀ. ದಪ್ಪ. 24 ಇಂಚಿನ ಪೆಟ್ಟಿಗೆಯ ತಳದಲ್ಲಿ ಇದನ್ನು ಮಲಗಿಸಬಹುದು. ಇದಕ್ಕೆ ಅರ್ಧ ಎತ್ತರದ ಲೋ ಪ್ರೊಫೈಲ್ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು ಎನ್ನುವುದೇ ದೊಡ್ಡ ಲಾಭ. ಜಿಟಿಎಕ್ಸ್ 1650 ಅಥವಾ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿಯ ಲೋ ಪ್ರೊಫೈಲ್ ಮಾದರಿ ಹುಡುಕಿ. ಕಾರ್ಡ್ ಸಿಕ್ಕಿಸುವ ಸ್ಲಾಟ್ ಕೊಡುವ 75 ವಾಟ್ ಒಳಗೇ ಇವು ಕೆಲಸ ಮಾಡುತ್ತವೆ. ಆದರೂ ಬೇರೆ ಪವರ್ ವೈರ್ ಕೇಳುವ ಮಾದರಿಯಲ್ಲ ಅಂತ ಕೊಳ್ಳುವಾಗ ನೋಡಿಕೊಳ್ಳಿ. ಆರ್‌ಎಕ್ಸ್ 6400 ಕೂಡ ಸಣ್ಣದೇ, ಆದರೆ ಅದು ಸ್ಲಾಟಿನ ನಾಲ್ಕೇ ಲೇನ್ (ಡೇಟಾ ಹರಿಯುವ ದಾರಿ) ಬಳಸುತ್ತದೆ. ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3 ಸ್ಲಾಟಿನ ಬೋರ್ಡಿನಲ್ಲಿ ವೇಗ ಕಳೆದುಕೊಳ್ಳುತ್ತದೆ. ಸ್ಲಾಟಿನ ಪಕ್ಕದಲ್ಲಿ ದಪ್ಪ ಕಾರ್ಡಿಗೆ ಜಾಗ ಇದೆಯಾ, ಅರ್ಧ ಎತ್ತರದ ತಗಡಿನ ಪಟ್ಟಿ ಜೊತೆಗೆ ಬರುತ್ತದಾ ಅಂತಲೂ ಕೇಳಿ. ಡೆಲ್‌ನ ‘ಮೈಕ್ರೋ’, ಲೆನೊವೊದ ‘ಟೈನಿ’ ಡಬ್ಬಿಗಳು ಇನ್ನೂ ಚಿಕ್ಕವು, ನೋಡಲು ಮುದ್ದು. ಹೆಚ್ಚಿನವುಗಳಲ್ಲಿ ಕಾರ್ಡ್ ಹಾಕಲು ಬರುವುದಿಲ್ಲ.

ಪ್ರೊಸೆಸರ್ ಆರಿಸುವಾಗ ಕೋರ್ (ಅದರೊಳಗಿನ ಲೆಕ್ಕದ ಘಟಕ) ಎಷ್ಟು ಅಂತ ಎಣಿಸಬೇಡಿ. ಗುಂಡಿನ ಓಟದ ಲೆಕ್ಕ, ಟೇಬಲ್ಲಿನ ಸ್ಕ್ರಿಪ್ಟ್ ಬಹುಪಾಲು ಒಂದೇ ಕೋರಿನ ಮೇಲೆ ಬೀಳುತ್ತದೆ. ನಿಧಾನದ ಎಂಟು ಕೋರಿಗಿಂತ ಚುರುಕಾದ ನಾಲ್ಕು ವಾಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆದ್ದರಿಂದ ವಿಂಡೋಸ್ 11 ಒಪ್ಪುವ ಇಂಟೆಲ್ 8ನೇ ಪೀಳಿಗೆ ಅಥವಾ ಆಮೇಲಿನದನ್ನೇ ಕೇಳಿ.

ಮೂರನೆಯದು ರಾಸ್ಪ್‌ಬೆರಿ ಪೈ 5 ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ವಿಷುವಲ್ ಪಿನ್‌ಬಾಲ್‌ನ ಲಿನಕ್ಸ್ ಆವೃತ್ತಿ ಅದರಲ್ಲಿ ಓಡುತ್ತದೆ, ಎರಡು ಪರದೆಗೂ ಕಿಂಡಿ ಇದೆ. ಲಿನಕ್ಸ್ ಗೊತ್ತಿದ್ದು, ಸೆಟ್ಟಿಂಗ್ ತಗ್ಗಿಸಿ ಆಡಲು ತಯಾರಿರುವವರಿಗೆ ಸರಿ.

ಕಿಂಡಿ, ಡಿಸ್ಕ್, ಬಟನ್

ಪರದೆ ಎಷ್ಟೋ ಅಷ್ಟು ವಿಡಿಯೋ ಔಟ್‌ಪುಟ್ ಬೇಕು. ಅಂಕಗಳ ಚುಕ್ಕಿ ಫಲಕಕ್ಕೆ ಬೇರೆ ಪರದೆ ಇಟ್ಟರೆ ಮೂರು. ಚಿಕ್ಕ ಕಾರ್ಡುಗಳಲ್ಲಿ ಕೆಲವಕ್ಕೆ ಎರಡೇ ಇರುತ್ತವೆ. ರ‍್ಯಾಮ್ 16 ಜಿಬಿ ಸಾಕು. ಡಿಸ್ಕ್ ಮಾತ್ರ ಎಸ್‌ಎಸ್‌ಡಿಯೇ ಆಗಿರಲಿ. ಪಿನ್‌ಬಾಲ್ ಆಡುವವರು ಪೆಟ್ಟಿಗೆಯನ್ನು ತಳ್ಳದೆ ಇರಲ್ಲ, ತಿರುಗುವ ಹಾರ್ಡ್ ಡಿಸ್ಕಿಗೆ ಆ ಅಲುಗಾಟ ಆಗಿಬರುವುದಿಲ್ಲ.

ಆ ತಳ್ಳಾಟವನ್ನು ಆಟವೂ ಗುರುತಿಸಬೇಕು ಅಂದರೆ ಕೆಎಲ್25ಝಡ್ ಎಂಬ ಪುಟ್ಟ ಬೋರ್ಡ್ ತನ್ನಿ. ಅದರ ಮೇಲೇ ಅಲುಗಾಟ ಅಳೆಯುವ ಸೆನ್ಸರ್ ಇದೆ. ಪಿನ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಬಟನ್, ಪ್ಲಂಜರ್ (ಗುಂಡನ್ನು ಆಟಕ್ಕೆ ಚಿಮ್ಮಿಸುವ ಹಿಡಿ) ಎಲ್ಲವನ್ನೂ ನೋಡಿಕೊಳ್ಳುತ್ತದೆ. ಬರೀ ಬಟನ್ ಸಾಕು ಅನ್ನುವವರಿಗೆ ಬಟನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಯುಎಸ್‌ಬಿ ಎನ್‌ಕೋಡರ್ ಆಗುತ್ತದೆ.

ಬಿಸಿ

ಸಣ್ಣ ಪೆಟ್ಟಿಗೆಯ ದೊಡ್ಡ ತಲೆನೋವು ಇದೇ. ಮೇಲೆ ಮಾನಿಟರ್, ಅದೂ ಬಿಸಿ ಉಗುಳುತ್ತದೆ. ಸುತ್ತ ಪ್ಲೈವುಡ್. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆ ಬಂದರೆ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಚಿಪ್ ಬಿಸಿಯಾದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಗುಂಡು ತಡೆದು ತಡೆದು ಉರುಳಿದರೆ ಮೊದಲು ಬಿಸಿಯನ್ನೇ ಅನುಮಾನಿಸಿ, ಕಾರ್ಡ್ ಬದಲಿಸಲು ಹೊರಡಬೇಡಿ. ತಳದಲ್ಲಿ ಗಾಳಿ ಒಳಗೆ ಬರಲು ಜಾಲರಿ ಹಾಕಿದ ಕಂಡಿ, ಹಿಂಬದಿ ಮೇಲ್ಗಡೆ ಹೊರಗೆ ತಳ್ಳುವ 120 ಎಂ.ಎಂ. ಫ್ಯಾನ್ ಇರಲಿ. ಮಿನಿ ಪಿಸಿಯ ಅಡಾಪ್ಟರ್ ಇಟ್ಟಿಗೆಯನ್ನು ಮೂಲೆಯಲ್ಲಿ ವೈರುಗಳ ಅಡಿಗೆ ತುರುಕಬೇಡಿ.

ಮರ ಕೊಯ್ಯುವ ಮುಂಚೆ

ಎಲ್ಲವನ್ನೂ ಮೇಜಿನ ಮೇಲೇ ಜೋಡಿಸಿ. ಮಾನಿಟರನ್ನು ಉದ್ದಕ್ಕೆ ತಿರುಗಿಸಿ, ಕೀಬೋರ್ಡಿನಲ್ಲೇ ಆಡಿ ನೋಡಿ. ಎಡ ಬಲ ಶಿಫ್ಟ್ ಕೀಗಳು ಫ್ಲಿಪ್ಪರ್, ಎಂಟರ್ ಪ್ಲಂಜರ್, 5 ಒತ್ತಿದರೆ ನಾಣ್ಯ, 1 ಒತ್ತಿದರೆ ಆಟ ಶುರು. ನಿಮಗಿಷ್ಟವಾದ ಅತಿ ಭಾರದ ಟೇಬಲ್ಲನ್ನೇ ಹಾಕಿ, ಅರ್ಧ ಗಂಟೆ ಬಿಡದೆ ಆಡಿ. ಇಲ್ಲಿ ತೊಡರಿದ್ದು ಪೆಟ್ಟಿಗೆಯೊಳಗೆ ಸರಿಹೋಗುವುದಿಲ್ಲ.

ಕೊನೆಗೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ, ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಶುರುವಾಗುವ ಆಯ್ಕೆ ಹಾಕಿ. ಕಚೇರಿ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ, ಮಿನಿ ಪಿಸಿಯಾದರೆ ಕೊಳ್ಳುವಾಗಲೇ ಕೇಳಿಕೊಳ್ಳಿ. ಆಗ ಪೆಟ್ಟಿಗೆಯ ಹೊರಗಿನ ಒಂದೇ ಸ್ವಿಚ್ಚಿನಿಂದ ಮಾನಿಟರ್, ಫ್ಯಾನ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಏಳುತ್ತವೆ. ಆಫ್ ಮಾಡುವಾಗ ಮಾತ್ರ ಮೊದಲು ವಿಂಡೋಸ್ ಮುಚ್ಚಿ, ಆಮೇಲೆ ಸ್ವಿಚ್. ಕರೆಂಟ್ ಪದೇ ಪದೇ ಹೋಗುವ ಊರಾದರೆ ಒಂದು ಸಣ್ಣ ಯುಪಿಎಸ್‌ಗೂ ಲೆಕ್ಕ ಹಾಕಿಕೊಳ್ಳಿ.