ಮಗುವಿನ ಇಂಜೆಕ್ಷನ್ ಕಾರ್ಡ್ ಓದುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಒಂದು ಮಗುವಿಗೆ ಎರಡು ಕಾರ್ಡ್ ಇರುವುದು ಹೊಸತೇನಲ್ಲ. ಒಂದು ಊರಿನ ಆರೋಗ್ಯ ಕೇಂದ್ರದ್ದು, ಮಲಯಾಳದಲ್ಲಿ. ಇನ್ನೊಂದು ಹೆರಿಗೆಯಾದ ಮಂಗಳೂರಿನ ಆಸ್ಪತ್ರೆಯದ್ದು, ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿಗೆ ಎರಡೂ ಕಬ್ಬಿಣದ ಕಡಲೆ. ಆದರೆ ಬಿಸಿಜಿ, ಒಪಿವಿ, ಪಿಸಿವಿ, ಎಂಆರ್ ಎಂಬ ಲಸಿಕೆಗಳ ಚಿಕ್ಕ ಹೆಸರುಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಗುರುತು ಸಿಕ್ಕಿದರೆ ಭಾಷೆ ಬಾರದಿದ್ದರೂ ಕಾರ್ಡ್ ಓದಬಹುದು.

ಮೊದಲು ಎರಡೂ ಕಾರ್ಡ್ ಅಕ್ಕಪಕ್ಕ ಇಟ್ಟು ವಯಸ್ಸಿನ ಸಾಲು ಹುಡುಕಿ. ಹುಟ್ಟಿದಾಗ, 6, 10 ಮತ್ತು 14 ವಾರ, 9 ತಿಂಗಳು, 16ರಿಂದ 24 ತಿಂಗಳು, 5ರಿಂದ 6 ವರ್ಷ, 10 ವರ್ಷ, 16 ವರ್ಷ. ಸರಕಾರಿ ಪಟ್ಟಿಯ ಮೆಟ್ಟಿಲುಗಳು ಇವು.

ಆಮೇಲೆ ಹೆಸರಿನ ಪಕ್ಕದ ಅಂಕೆ ನೋಡಿ. ನನ್ನ ತಂಗಿಯ ಮಗುವಿನ ಕಾರ್ಡಿನಲ್ಲಿ ಒಪಿವಿ-0 ಎಂದು ಕಂಡು ನಮ್ಮಮ್ಮ ಗಾಬರಿಯಾಗಿದ್ದರು. "ಎಂತ ಇದು, ಪೋಲಿಯೊ ಕೊಡಲೇ ಇಲ್ವಾ? ಸೊನ್ನೆ ಹಾಕಿದ್ದಾರಲ್ಲ!" ಸೊನ್ನೆ ಎಂದರೆ ಕೊಟ್ಟಿಲ್ಲ ಅಂತಲ್ಲ. ಹುಟ್ಟಿದ ಹೊತ್ತಿನಲ್ಲಿ ಕೊಡುವ ಡೋಸಿಗೆ ಸೊನ್ನೆ ಎಂದೇ ಹೆಸರು. ಲೆಕ್ಕ ಒಂದರಿಂದ ಶುರುವಾಗುವುದು 6 ವಾರಕ್ಕೆ. ಕೊಟ್ಟಿದ್ದಾರೋ ಇಲ್ಲವೋ ಎಂದು ತಿಳಿಯಲು ಪಕ್ಕದಲ್ಲಿ ತಾರೀಕು ಬಿದ್ದಿದೆಯೇ ನೋಡಬೇಕು.

ಒಪಿವಿ ಬಾಯಿಗೆ ಹಾಕುವ ಪೋಲಿಯೊ ಹನಿ. ಐಪಿವಿ ಚುಚ್ಚುವ ಪೋಲಿಯೊ. ಆ ಹೆಸರಿನ ಮೊದಲಿಗೆ ಸಣ್ಣ ಎಫ್ ಇದ್ದರೆ ಪೂರ್ತಿ ಡೋಸಿನ ಐದನೇ ಒಂದು ಪಾಲನ್ನು, ಅಂದರೆ 0.1 ಮಿಲಿಯನ್ನು, ಚರ್ಮದೊಳಗೆ ಕೊಟ್ಟಿದ್ದಾರೆ ಎಂದರ್ಥ. ಬಿಸಿಜಿ ಕ್ಷಯದ್ದು. ಕೊನೆಯ ಸಿ, ಜಿ ಎರಡೂ ಅದನ್ನು ಕಂಡುಹಿಡಿದ ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಅವರ ಹೆಸರಿನವು. 1921ರಿಂದ ಬಂದ ಲಸಿಕೆ ಇದು. ನಮ್ಮಲ್ಲಿ ತುಂಬ ಜನರ ಎಡತೋಳಿನ ಕಲೆ ಇದರದ್ದೇ. ಆರ್‌ವಿವಿ ರೋಟಾವೈರಸ್ ಭೇದಿಗೆ, ಪಿಸಿವಿ ನ್ಯುಮೋಕಾಕಸ್ ರೋಗಾಣುವಿಗೆ.

ಜಾಸ್ತಿ ಜನ ಎಡವುವುದು ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರದಲ್ಲಿ. ಡಿ ಎಂದರೆ ಗಂಟಲಮಾರಿ, ಪಿ ನಾಯಿಕೆಮ್ಮು, ಟಿ ಧನುರ್ವಾಯು. ಮೂರೂ ದೊಡ್ಡಕ್ಷರದಲ್ಲಿದ್ದರೆ ಅದು ಪುಟ್ಟ ಮಕ್ಕಳ ಡಿಪಿಟಿ. 10 ಮತ್ತು 16 ವರ್ಷದ ಸಾಲಿನಲ್ಲಿ ದೊಡ್ಡ ಟಿ, ಸಣ್ಣ ಡಿ ಕಾಣುತ್ತದೆ. ಬರೆದವರ ಕೈತಪ್ಪಲ್ಲ ಅದು. ಗಂಟಲಮಾರಿಯ ಅಂಶ ಕಡಿಮೆ ಇದೆ ಎಂದು ಹೇಳಲೆಂದೇ ಸಣ್ಣ ಡಿ. ಮೂರೂ ಸೇರಿದ ಟಿಡ್ಯಾಪ್ ಎಂಬುದರಲ್ಲೂ ಹಾಗೆಯೇ. ಪಿ ಅಕ್ಷರಕ್ಕೆ ಮೊದಲು ಸಣ್ಣ ಡಬ್ಲ್ಯು ಇದ್ದರೆ ನಾಯಿಕೆಮ್ಮಿನ ಇಡೀ ರೋಗಾಣುವನ್ನು ಸಾಯಿಸಿ ಮಾಡಿದ್ದು. ಸಣ್ಣ ಎ ಇದ್ದರೆ ಅದರ ಕೆಲವು ತುಣುಕುಗಳಿಂದ ಮಾಡಿದ್ದು. ಖಾಸಗಿ ಆಸ್ಪತ್ರೆಯವರು 'ಪೇನ್‌ಲೆಸ್' ಎಂದು ಹೇಳುವುದು ಈ ಎರಡನೆಯದಕ್ಕೆ. ನೋವು, ಜ್ವರ ಕಡಿಮೆ ಹೌದು. ಸೂಜಿ ಸೂಜಿಯೇ, ಮಗು ಅಳದೆ ಬಿಟ್ಟೀತೇ?

ಪೆಂಟಾ ಎಂದರೆ ಡಿಪಿಟಿಯ ಮೂರರ ಜೊತೆ ಹೆಪ್-ಬಿ ಮತ್ತು ಹಿಬ್. ದೇಶದಲ್ಲಿ ಮೊದಲು ಇದು ಸರಕಾರಿ ಪಟ್ಟಿಗೆ ಬಂದದ್ದು 2011ರ ಡಿಸೆಂಬರಿನಲ್ಲಿ, ಕೇರಳ ಮತ್ತು ತಮಿಳುನಾಡಿನಲ್ಲಿ. ಅದಕ್ಕಿಂತ ಮೊದಲು ಹುಟ್ಟಿದ ಅಣ್ಣನ ಕಾರ್ಡಿಗೂ ತಮ್ಮನ ಕಾರ್ಡಿಗೂ ತಾಳೆಯಾಗದಿದ್ದರೆ ಸುಮ್ನೆ ತಲೆಕೆಡಿಸಿಕೊಳ್ಳಬೇಡಿ.

ಹೆಪ್-ಬಿ, ಹಿಬ್, ಎಚ್‌ಪಿವಿ ಮೂರೂ ಕಣ್ಣಿಗೆ ಒಂದೇ ತರ. ಮೊದಲನೆಯದು ಲಿವರಿಗೆ ಬರುವ ಹೆಪಟೈಟಿಸ್ ಬಿಗೆ. ಎರಡನೆಯದು ಮಕ್ಕಳ ಮಿದುಳುಜ್ವರ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾಕ್ಕೆ. ಅದರ ಪೂರ್ಣ ಹೆಸರಿನಲ್ಲಿ ಇನ್‌ಫ್ಲುಯೆಂಜಾ ಎಂಬ ಪದ ಇದೆ. ಆದರೆ ಫ್ಲೂಗೂ ಅದಕ್ಕೂ ಸಂಬಂಧವಿಲ್ಲ. ಮೂರನೆಯದು ಗರ್ಭಕೊರಳಿನ ಕ್ಯಾನ್ಸರ್ ತಡೆಯಲು.

ಇನ್ನು ಎಂಆರ್, ಎಂಎಂಆರ್. ಎಂಆರ್‌ನಲ್ಲಿ ದಡಾರ, ರುಬೆಲ್ಲಾ ಇವೆ. ಇನ್ನೊಂದು ಎಂ ಸೇರಿದರೆ ಮಂಗನಬಾವು. ಮಂಗಳೂರಲ್ಲಿ 9 ತಿಂಗಳಿಗೆ ಎಂಎಂಆರ್ ಆಗಿದ್ದರೆ ಎಂಆರ್ ಅದರೊಳಗೇ ಬಂತು. ಊರಿನ ನರ್ಸಿಗೆ ಆ ಕಾರ್ಡ್ ತೋರಿಸದೆ ಮಗುವಿನ ಕೈ ಚಾಚಬೇಡಿ.

ಖಾಸಗಿ ಆಸ್ಪತ್ರೆಯ ಕಾರ್ಡಿನಲ್ಲಿ ಕೆಲವೊಮ್ಮೆ ಕಂಪನಿ ಹೆಸರಿನ ಸ್ಟಿಕ್ಕರ್ ಮಾತ್ರ ಇರುತ್ತದೆ. ಅಲ್ಲೇ ನಿಂತು, "ಡಾಕ್ಟ್ರೇ, ಇದರ ಪಕ್ಕ ಚಿಕ್ಕ ಹೆಸರೂ ಬರೆದುಕೊಡಿ" ಎಂದು ಕೇಳಿ. ಮುಂದೆ ಗಲ್ಫಿನ ಶಾಲೆಗೆ ಸೇರಿಸುವಾಗ ಕಾರ್ಡ್ ಕೇಳಿದರೆ ಈ ಮಾತು ನೆನಪಾದೀತು. ಅಂಥ ಶಾಲೆಯ ಪಟ್ಟಿಯಲ್ಲಿ ವಿಎಆರ್ ಎಂದಿದ್ದರೆ ಚಿಕನ್‌ಪಾಕ್ಸ್, ಟಿಸಿವಿ ಎಂದಿದ್ದರೆ ಟೈಫಾಯ್ಡ್.

ದೊಡ್ಡವರ ಚೀಟಿಗೂ ಇದೇ ದಾರಿ. ಕಬ್ಬಿಣ ತಾಗಿದರೆ ನಾವು ಈಗಲೂ "ಟಿಟಿ ಹಾಕಿಸಿದೆ" ಎನ್ನುತ್ತೇವೆ. ಸರಕಾರಿ ಪಟ್ಟಿಯಲ್ಲಿ ಅದರ ಜಾಗಕ್ಕೆ ಟಿಡಿ, ಅಂದರೆ ಆ ದೊಡ್ಡ ಟಿ, ಸಣ್ಣ ಡಿ, ಬಂದಾಗಿದೆ. ಗರ್ಭಿಣಿಯರಿಗೂ ಅದೇ. ನಾಯಿ ಕಚ್ಚಿದಾಗ ಕೊಡುವ ಚೀಟಿಯಲ್ಲಿ ಐಡಿಆರ್‌ವಿ ಎಂದಿದ್ದರೆ ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆ. ಡಿ-0, ಡಿ-3, ಡಿ-7, ಡಿ-28 ಎಂದರೆ ದಿನದ ಲೆಕ್ಕ. ಇಲ್ಲೂ ಸೊನ್ನೆ ಮೊದಲ ಚುಚ್ಚು ಬಿದ್ದ ದಿನ, ನಾಯಿ ಕಚ್ಚಿದ ದಿನವಲ್ಲ. ಕಚ್ಚಿದ್ದು ಆದಿತ್ಯವಾರ, ಆಸ್ಪತ್ರೆಗೆ ಹೋದದ್ದು ಸೋಮವಾರ ಎಂದಾದರೆ ಡಿ-3 ಬೀಳುವುದು ಗುರುವಾರ. ಹಾಗಂತ ಸೋಮವಾರದವರೆಗೆ ಕಾಯಬೇಡಿ, ಆದಿತ್ಯವಾರವೇ ಹೋಗಿ.