ಎಡಿಎಚ್‌ಡಿ ಇರುವವರ ಮನೆ: ಬೀಗದ ಕೈ, ಒಲೆ, ಮೋಟಾರು, ಮಾತ್ರೆ

ಸಂಪಿನ ಮೋಟಾರು ಹಾಕಿ ಮರೆತು, ತಾರಸಿಯಿಂದ ನೀರು ಸುರಿದು ಪಕ್ಕದ ಮನೆಯವರು ಕೂಗಿದಾಗ ನೆನಪಾಗುವುದು. ಖಾತೆಯಲ್ಲಿ ದುಡ್ಡಿದ್ದರೂ ಚೆಸ್ಕಾಂ ಕರೆಂಟು ಬಿಲ್ಲು ಕಟ್ಟದೆ ಫ್ಯೂಸ್ ಕೀಳಿಸಿಕೊಳ್ಳುವುದು. ಊಟದ ಡಬ್ಬಿ ಕಟ್ಟಿ, ಅದನ್ನೇ ಬಿಟ್ಟು ಆಫೀಸಿಗೆ ಹೋಗುವುದು. ಇವೆಲ್ಲ ಯಾರ ಮನೆಯಲ್ಲಾದರೂ ಆಗೊಮ್ಮೆ ಈಗೊಮ್ಮೆ ಆಗುವಂಥವೇ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಡಪಡಿಕೆಯ ತೊಂದರೆ) ಇರುವವರಿಗೆ ಇದು ವಾರವಾರವೂ, ವರ್ಷಗಟ್ಟಲೆ ನಡೆಯುತ್ತದೆ. ಪ್ರತಿ ಸಲವೂ ‘ಸೋಮಾರಿ’, ‘ಉಡಾಫೆ’, ‘ಮೈಮೇಲೆ ಜ್ಞಾನ ಇಲ್ಲ’ ಎಂದು ಅನ್ನಿಸಿಕೊಳ್ಳಬೇಕಾಗುತ್ತದೆ.

ಆ ಮಾತುಗಳು ತಪ್ಪು. ಇದು ಮಿದುಳಿನ ಬೆಳವಣಿಗೆಗೆ ಸೇರಿದ ತೊಂದರೆ. ಮಾಡುತ್ತಿರುವ ಕೆಲಸದ ಜೊತೆಗೆ ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ ಇರುತ್ತದೆ. ಹೊತ್ತು ಎಷ್ಟು ಸರಿಯಿತೆಂಬ ಅಂದಾಜು ಸಿಗುವುದಿಲ್ಲ. ಏನು ಮಾಡಬೇಕೆಂದು ಚೆನ್ನಾಗಿಯೇ ಗೊತ್ತಿರುತ್ತದೆ, ಮಾಡಬೇಕಾದ ಗಳಿಗೆಯಲ್ಲಿ ಮಾತ್ರ ಅದು ನೆನಪಿಗೆ ಬರುವುದಿಲ್ಲ. ‘ಇನ್ನುಮೇಲೆ ಜ್ಞಾಪಕ ಇಟ್ಕೋತೀನಿ’ ಎಂಬ ಸಂಕಲ್ಪ ಮುರಿಯುವುದು ಅದಕ್ಕೇ. ನೆನಪನ್ನು ತಲೆಯಿಂದ ಇಳಿಸಿ, ಕೆಲಸ ನಡೆಯುವ ಜಾಗದಲ್ಲೇ ಕಾಲಿಗೆ ತೊಡರುವಂತೆ ಇಡಬೇಕು. ಮುಂದೆ ಹೇಳುವುದೆಲ್ಲ ಅದೇ.

ಬಾಗಿಲಿನಿಂದ ಶುರು ಮಾಡಿ

ಮೊದಲು ಒಂದೇ ಒಂದು ಕೊಕ್ಕೆ ಹೊಡೆಯಿರಿ. ಒಳಗೆ ಕಾಲಿಟ್ಟ ಕೂಡಲೇ ಕೈಗೆ ಸಿಗುವಷ್ಟು ಎತ್ತರದಲ್ಲಿ, ಬಾಗಿಲ ಒಳಮಗ್ಗುಲಿಗೆ. ಮನೆ ಬೀಗದ ಕೈ, ಗಾಡಿ ಕೀ ಎರಡನ್ನೂ ಒಂದೇ ಬಳೆಗೆ ಹಾಕಿ. ಕೊಕ್ಕೆಯ ಕೆಳಗೆ ಪರ್ಸಿಗೂ ಬಸ್ ಪಾಸಿಗೂ ಊಟದ ತಟ್ಟೆಯಷ್ಟೇ ಅಗಲದ ತಟ್ಟೆ ಸಾಕು. ದೊಡ್ಡ ಬುಟ್ಟಿ ಇಟ್ಟರೆ ವಾರದೊಳಗೆ ಅದರಲ್ಲಿ ಮದುವೆ ಕರೆಯೋಲೆ, ಚಿಲ್ಲರೆ, ಹಳೇ ಬಿಲ್ಲು ತುಂಬಿ ಪರ್ಸು ಅಡಿಗೆ ಸೇರುತ್ತದೆ. ಕೊಕ್ಕೆಯಲ್ಲಿ ಹಾಗೆ ರಾಶಿ ಸೇರುವುದಿಲ್ಲ, ಅದಕ್ಕೇ ಅದು ಬುಟ್ಟಿಗಿಂತ ಮೇಲು. ಇನ್ನೊಂದು ಬೀಗದ ಕೈ ನಂಬಿಕೆಯ ನೆರೆಯವರ ಬಳಿ ಇರಲಿ.

ನಾಳೆ ಒಯ್ಯಬೇಕಾದ ಕಾಗದ, ಚೆಕ್ಕು, ರಿಪೇರಿಗೆ ಕೊಡಬೇಕಾದ ಕನ್ನಡಕ ಇವನ್ನು ರಾತ್ರಿಯೇ ಹೆಲ್ಮೆಟ್ಟಿನೊಳಗೆ ಹಾಕಿಡಿ. ಹೆಲ್ಮೆಟ್ ಎತ್ತದೆ ಗಾಡಿ ಹತ್ತುವಂತಿಲ್ಲ, ಎತ್ತಿದರೆ ವಸ್ತು ಕೈಗೆ ಬರುತ್ತದೆ. ಫ್ರಿಜ್ಜಿನಲ್ಲಿರುವ ಡಬ್ಬಿ ಮರೆಯುತ್ತಿದ್ದರೆ ಗಾಡಿ ಕೀಯನ್ನೇ ಆ ಡಬ್ಬಿಯ ಮೇಲಿಡಿ. ಕೊಕ್ಕೆ ಖಾಲಿ ಕಂಡಾಗ ಫ್ರಿಜ್ಜು ತೆಗೆಯುತ್ತೀರಿ.

ಒಲೆ ಮತ್ತು ಮೋಟಾರು

ಇಲ್ಲಿ ಮರೆತರೆ ಅಪಾಯ, ಆದ್ದರಿಂದ ಉಪಾಯ ಗಟ್ಟಿಯಾಗಿರಬೇಕು. ಹಾಲು ಒಲೆಯ ಮೇಲಿದ್ದಾಗ ಅಡುಗೆಮನೆ ಬಿಟ್ಟು ಹೋಗಲೇಬೇಕಾದರೆ ಸೌಟನ್ನು ಕೈಯಲ್ಲೇ ಹಿಡಿದು ಹೋಗಿ, ಎಲ್ಲೂ ಕೆಳಗಿಡಬೇಡಿ. ಹಜಾರದಲ್ಲಿ ಯಾರೋ ಮಾತಿಗೆಳೆದರೂ ಕೈಯಲ್ಲಿರುವ ಸೌಟು ಒಲೆಯನ್ನು ನೆನಪಿಸುತ್ತದೆ. ಕುಕ್ಕರಿನ ವಿಷಲ್ಲನ್ನು ಮನಸ್ಸಿನಲ್ಲಿ ಎಣಿಸಬೇಡಿ. ನಾಲ್ಕು ಹುಣಸೆಬೀಜ ಕಟ್ಟೆಯ ಮೇಲಿಟ್ಟುಕೊಂಡು, ಒಂದೊಂದು ವಿಷಲ್ಲಿಗೆ ಒಂದೊಂದನ್ನು ಪಕ್ಕಕ್ಕೆ ಸರಿಸಿ. ಬೀಜ ಮುಗಿದರೆ ಒಲೆ ಆರಿಸುವುದು. ಕೈಯಿಂದ ತಿರುಗಿಸಿ ಇಡುವ ಗಂಟೆಯ ಟೈಮರ್ ಕೊಳ್ಳುವುದು ಒಳ್ಳೆಯದು. ಫೋನಿನಲ್ಲಿ ಟೈಮರ್ ಇಡಲು ಹೋದರೆ ವಾಟ್ಸಾಪ್ ಕಣ್ಣಿಗೆ ಬೀಳುತ್ತದೆ, ಟೈಮರ್ ಇಟ್ಟೆನೇ ಇಲ್ಲವೇ ಎಂಬುದೂ ಮರೆಯುತ್ತದೆ. ಒಬ್ಬರೇ ಇರುವವರಿಗೆ, ಹೊತ್ತಾದ ಮೇಲೆ ತಾನೇ ಆರುವ ಇಂಡಕ್ಷನ್ ಒಲೆ ಹೆಚ್ಚು ಕ್ಷೇಮ.

ಸಂಪಿನ ಮೋಟಾರಿಗೆ ನೆನಪಿನ ಚೀಟಿ ಅಂಟಿಸಿ ಪ್ರಯೋಜನವಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಕಂಟ್ರೋಲರ್ ಹಾಕಿಸಿ. ಮೇಲಿನ ಟ್ಯಾಂಕಿಗೊಂದು, ಕೆಳಗಿನ ಸಂಪಿಗೊಂದು ಸೆನ್ಸರ್ ಬೇಕು. ಟ್ಯಾಂಕಿಗೆ ಮಾತ್ರ ಹಾಕಿದರೆ ಸಂಪು ಬರಿದಾದಾಗ ಮೋಟಾರು ಒಣಗಿ ಓಡಿ ಸುಟ್ಟುಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೆನ್ಸರಿನ ಕಡ್ಡಿಗಳಿಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೆರಡು ಸಲ ಉಜ್ಜಿಸಬೇಕು. ಮಂಡ್ಯ ಕಡೆಯ ಹೊಲಗದ್ದೆಗಳ ಪಂಪಿಗೂ ಇದೇ ಮಾತು. ತ್ರೀಫೇಸ್ ಕರೆಂಟು ಬಂದಾಗ ತಾನೇ ಓಡುವ ಆಟೋ ಸ್ಟಾರ್ಟರ್ ಇದ್ದರೆ, ನೀರು ಇಳಿದಾಗ ನಿಲ್ಲಿಸುವ ಸಾಧನವೂ ಜೊತೆಗಿರಲಿ. ಯಾವ ಗದ್ದೆಗೆ ನೀರು ಬಿಟ್ಟಾಯಿತು, ಯಾವ ತಾಕಿಗೆ ಗೊಬ್ಬರ ಹಾಕಿಯಾಯಿತು ಎಂಬುದನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಮನೆಯ ಡೈರಿಯಲ್ಲಿ ಬರೆದದ್ದು ಗದ್ದೆಯಲ್ಲಿ ಕಾಣುವುದಿಲ್ಲ.

ಹೊತ್ತು

‘ಎಂಟೂವರೆಗೆ ಬಸ್ ಸ್ಟ್ಯಾಂಡಿನಲ್ಲಿರಬೇಕು’ ಎಂದು ಅಲಾರಂ ಇಟ್ಟರೆ ಅದು ಹೊಡೆಯುವ ಹೊತ್ತಿಗೆ ತಡವಾಗಿಯೇ ಇರುತ್ತದೆ. ಲೆಕ್ಕವನ್ನು ಹಿಂದಿನಿಂದ ಮಾಡಿ. ಮಂಡ್ಯದಿಂದ ದಿನವೂ ಮೈಸೂರಿಗೆ ಹೋಗಿಬರುವವರ ಉದಾಹರಣೆ ತೆಗೆದುಕೊಳ್ಳಿ. ನಿಲ್ದಾಣಕ್ಕೆ ನಡೆಯಲು 12 ನಿಮಿಷ. ಚಪ್ಪಲಿ, ಚೀಲ, ಬೀಗ ಇದಕ್ಕೆ 8. ಏನೋ ಮರೆತು ಒಳಗೆ ಹೋಗಿ ಬರಲು 5. ಒಟ್ಟು 25, ಅಂದರೆ 8:05ಕ್ಕೆ ಬಾಗಿಲ ಬಳಿ ನಿಂತಿರಬೇಕು. ಆಗ ಎರಡು ಅಲಾರಂ ಇಡಿ. 7:50ಕ್ಕೆ ‘ಕೈಯಲ್ಲಿರೋದು ನಿಲ್ಲಿಸು’, 8:05ಕ್ಕೆ ‘ಚಪ್ಪಲಿ ಹಾಕು’. ಅಲಾರಮ್ಮಿಗೆ ಮಾಡಬೇಕಾದ ಕೆಲಸದ ಹೆಸರನ್ನೇ ಕೊಡಿ. ಬರೀ ಸದ್ದಾದರೆ ಆರಿಸಿದ ಮರುಕ್ಷಣ ಯಾಕೆ ಹೊಡೆಯಿತೆಂಬುದೇ ತಿಳಿಯುವುದಿಲ್ಲ.

ಸ್ನಾನಕ್ಕೆ, ತಿಂಡಿಗೆ, ಸೀರೆ ಉಡಲು ನಿಜಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆಂದು ಒಂದು ವಾರ ಅಳೆದು ಬರೆಯಿರಿ. ಹತ್ತು ನಿಮಿಷ ಎಂದುಕೊಂಡದ್ದು ಇಪ್ಪತ್ತೈದಾಗಿರುವುದು ಸಾಮಾನ್ಯ. ಅಳೆಯದ ಕೆಲಸಕ್ಕೆ ನಿಮ್ಮ ಅಂದಾಜಿನ ಎರಡರಷ್ಟು ಹಿಡಿಯಿರಿ. ಬಚ್ಚಲಿನ ಬಾಗಿಲೆದುರು ಮುಳ್ಳಿನ ಗೋಡೆ ಗಡಿಯಾರ ತೂಗುಹಾಕಿ. ಅಂಕಿಗಿಂತ ಮುಳ್ಳು ಸರಿಯುವುದು ಕಣ್ಣಿಗೆ ಕಾಣುತ್ತದೆ. ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಹಳೇ ರೂಢಿ ಬೇಡ, ಮೂರನೇ ದಿನಕ್ಕೆ ಮನಸ್ಸು ಆ ಹತ್ತನ್ನು ತಾನೇ ಕಳೆದುಕೊಳ್ಳುತ್ತದೆ.

ಶುರುವಾಗದ ಕೆಲಸ

‘ಜಿಎಸ್‌ಟಿ ರಿಟರ್ನ್’ ಎಂದು ಪಟ್ಟಿಯಲ್ಲಿ ಬರೆದರೆ ಅದು ತಿಂಗಳೆಲ್ಲ ಅಲ್ಲೇ ಇರುತ್ತದೆ. ಅದು ಕೆಲಸವಲ್ಲ, ಇಪ್ಪತ್ತು ಕೆಲಸಗಳ ಗಂಟು. ಎರಡು ನಿಮಿಷದೊಳಗೆ ಕೈಯಿಂದ ಮಾಡಿ ಮುಗಿಸಬಹುದಾದ ಮೊದಲ ತುಂಡನ್ನು ಬರೆಯಿರಿ: ‘ಬಿಲ್ಲಿನ ಫೈಲು ಮೇಜಿನ ಮೇಲೆ ಇಡು’. ಅದಾದ ಮೇಲೆ ‘ಜುಲೈ ಬಿಲ್ಲುಗಳನ್ನು ಬೇರೆ ಮಾಡು’. ಹದಿನೈದು ನಿಮಿಷದ ಟೈಮರ್ ತಿರುಗಿಸಿ ಕೂತುಕೊಳ್ಳಿ. ಗಂಟೆ ಹೊಡೆದಾಗ ಏಳಬಹುದು ಎಂಬ ಅನುಮತಿ ನಿಜವಾದದ್ದಾಗಿರಬೇಕು. ಎದ್ದೇಬಿಟ್ಟರೂ ಬೇಸರ ಬೇಡ. ಏಳುವ ಮೊದಲು ಮುಂದಿನ ತುಂಡು ಯಾವುದೆಂದು ಚೀಟಿಯಲ್ಲಿ ಬರೆದು ಫೈಲಿನ ಮೇಲಿಡಿ, ಇಲ್ಲವಾದರೆ ನಾಳೆ ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ.

ಇನ್ನೊಬ್ಬರು ಸುಮ್ಮನೆ ಜೊತೆಗಿದ್ದರೆ ಕೆಲಸ ಸಾಗುವುದು ಎಡಿಎಚ್‌ಡಿ ಇರುವ ಬಹಳ ಜನರ ಅನುಭವ. ಅದೇ ಮೇಜಿನಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರೂ ಆಯಿತು, ಗ್ರಂಥಾಲಯದ ವಾಚನಾಲಯವಾದರೂ ಆಯಿತು. ಷರತ್ತು ಒಂದೇ, ಜೊತೆಗಿರುವವರು ಮೇಸ್ತ್ರಿಯಾಗಬಾರದು. ‘ಎಷ್ಟಾಯ್ತು?’ ಎಂದು ಕೇಳಿದ ಕ್ಷಣ ಆ ನೆರವು ಹೋಗುತ್ತದೆ. ತಲೆ ಬಳಸುವ ಕೆಲಸಕ್ಕೆ ಕೂರುವ ಮುಂಚೆ ಇಪ್ಪತ್ತು ಮೂವತ್ತು ನಿಮಿಷ ಬಿರುಸಾಗಿ ನಡೆಯುವುದು ಹಲವರಿಗೆ ಸಹಾಯ ಮಾಡುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಬಳಿ ಇರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ದುಡ್ಡು

ಕರೆಂಟು, ನೀರು, ವಿಮೆ, ಸಾಲದ ಕಂತು ಎಲ್ಲವನ್ನೂ ಸಂಬಳ ಬಂದ ಮರುದಿನವೇ ಖಾತೆಯಿಂದ ತಾನೇ ಹೋಗುವಂತೆ ಮಾಡಿ. ಹಾಗೆ ಮಾಡಲಾಗದ ಬಿಲ್ಲು ಬಂದರೆ ಡ್ರಾಯರಿಗೆ ಹಾಕಬೇಡಿ, ಕೈಯಲ್ಲಿರುವಾಗಲೇ ಕಟ್ಟಿ ಅಥವಾ ಕಾಫಿ ಪುಡಿ ಡಬ್ಬಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಕಬ್ಬಿನ ದುಡ್ಡಿನಂತೆ ಇಡಿಗಂಟಾಗಿ ಬರುವ ಹಣ ಬಂದ ದಿನವೇ ಹಂಚಿಕೆಯಾಗಬೇಕು: ಸೊಸೈಟಿ ಸಾಲ, ಶಾಲೆಯ ಫೀಸು, ಮುಂದಿನ ಬೆಳೆಯ ಖರ್ಚು ಬೇರೆ ಬೇರೆ ಖಾತೆಗೆ. ಚೀಟಿ ಸೇರಿಕೊಳ್ಳಿ, ಸೈಟು ಬುಕ್ ಮಾಡಿ, ಸ್ನೇಹಿತನಿಗೆ ಜಾಮೀನು ಹಾಕಿ ಎಂದು ಯಾರೇ ಕೇಳಿದರೂ ‘ಮನೇಲಿ ಕೇಳಿ ಹೇಳ್ತೀನಿ’ ಎಂಬ ಒಂದೇ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ಆ ಮಾತಿಗೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ನಿಮಗೆ ಎರಡು ದಿನ ಸಿಗುತ್ತದೆ.

ವೈದ್ಯರ ಬಳಿ

ಮರೆವೆಲ್ಲ ಎಡಿಎಚ್‌ಡಿ ಅಲ್ಲ. ಥೈರಾಯ್ಡ್, ನಿದ್ರೆಯ ಕೊರತೆ, ಗೊರಕೆಯ ಜೊತೆ ಉಸಿರು ಕಟ್ಟುವ ಕಾಯಿಲೆ, ಖಿನ್ನತೆ, ಆತಂಕ, ಕುಡಿತ ಇವೂ ಹೀಗೇ ಕಾಣಿಸಬಹುದು. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆ, ಸ್ಕ್ಯಾನು ಇಲ್ಲ. ಮನೋವೈದ್ಯರು ಇತಿಹಾಸ ಕೇಳಿ ನಿರ್ಧರಿಸುತ್ತಾರೆ. 2013ರ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯರ ಕೈಪಿಡಿಯ ಮಾನದಂಡದಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ಯಾವುದಾದರೊಂದು ಗುಂಪಿನಲ್ಲಿ ಮಕ್ಕಳಿಗೆ ಕನಿಷ್ಠ ಆರು, 17 ವರ್ಷ ತುಂಬಿದವರಿಗೆ ಐದು ಇರಬೇಕು. ಆರು ತಿಂಗಳಾದರೂ ಮುಂದುವರಿದಿರಬೇಕು, ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ ಮತ್ತು ಶಾಲೆ ಅಥವಾ ಕೆಲಸದಂಥ ಎರಡು ಕಡೆಯಾದರೂ ತೊಂದರೆ ಕೊಟ್ಟಿರಬೇಕು.

ಆದ್ದರಿಂದ ಬರಿಗೈಯಲ್ಲಿ ಹೋಗಬೇಡಿ. ವೈದ್ಯರ ಎದುರು ಎಲ್ಲ ಮರೆತು ‘ಪರವಾಗಿಲ್ಲ, ಚೆನ್ನಾಗಿದೀನಿ’ ಎಂದು ಹೇಳಿ ಬರುವುದೇ ಹೆಚ್ಚು. ಒಂದು ಹಾಳೆಯಲ್ಲಿ ಇತ್ತೀಚಿನ ಐದಾರು ಘಟನೆಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಮನೆತನದಲ್ಲಿ ಹೃದಯದ ಕಾಯಿಲೆ ಯಾರಿಗಿತ್ತು ಎಂಬುದನ್ನು ಬರೆಯಿರಿ. ಶಾಲೆಯ ಪ್ರಗತಿ ಪತ್ರದಲ್ಲಿ ಮೇಷ್ಟರು ಬರೆದ ಷರಾ ಸಿಕ್ಕರೆ ಒಯ್ಯಿರಿ. ಬಾಲ್ಯ ಕಂಡ ಹಿರಿಯರೊಬ್ಬರು ಜೊತೆಗೆ ಬರಲಿ, ಆಗದಿದ್ದರೆ ಫೋನಿನಲ್ಲಾದರೂ ಸಿಗಲಿ.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇಲ್ಲೆಲ್ಲ ಮನೋವೈದ್ಯ ವಿಭಾಗವಿದೆ. ಮಗುವಿಗೆ ಮಾತಿನ ಅಥವಾ ಓದು ಬರಹದ ತೊಂದರೆಯೂ ಇದ್ದರೆ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ಆ ಪರೀಕ್ಷೆಯನ್ನು ಬಿಡಬೇಡಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರು ಇಲ್ಲ. ಎಲ್ಲಿಗೆ ಹೋಗುವುದೆಂದೇ ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಉಚಿತ.

ಮಾತ್ರೆ

ಮುಖ್ಯವಾಗಿ ಬರೆದುಕೊಡುವುದು ಮಿಥೈಲ್‌ಫೆನಿಡೇಟ್ ಅಥವಾ ಆಟೊಮಾಕ್ಸೆಟಿನ್. ಯಾವುದು, ಎಷ್ಟು ಎಂಬುದು ವೈದ್ಯರ ತೀರ್ಮಾನ. ಶುರುವಿಗೆ ಮುಂಚೆ ಬಿಪಿ, ನಾಡಿ, ತೂಕ ನೋಡುತ್ತಾರೆ, ಆಮೇಲೂ ನೋಡಿಸುತ್ತಿರಬೇಕು. ಮಿಥೈಲ್‌ಫೆನಿಡೇಟಿನ ಸಾದಾ ಮಾತ್ರೆ ಸುಮಾರು ಅರ್ಧ ಮುಕ್ಕಾಲು ಗಂಟೆಯಲ್ಲಿ ಹಿಡಿದು ಮೂರು ನಾಲ್ಕು ಗಂಟೆ ಇರುತ್ತದೆ. ಹಸಿವು ಕಡಿಮೆಯಾಗುವುದು ಸಾಮಾನ್ಯ, ಅದಕ್ಕೆ ತಿಂಡಿ ತಿಂದ ಮೇಲೆ ನುಂಗುವುದು ಅನುಕೂಲ. ಸಂಜೆ ತಡವಾಗಿ ತೆಗೆದುಕೊಂಡರೆ ನಿದ್ರೆ ಕೆಡುತ್ತದೆ. ಜೊತೆಗೆ ಗಟ್ಟಿ ಫಿಲ್ಟರ್ ಕಾಫಿ ಎರಡು ಲೋಟ ಕುಡಿದರೆ ಎದೆ ಡವಗುಟ್ಟಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಅರೆಯಬಾರದು, ಜಗಿಯಬಾರದು. ಆಟೊಮಾಕ್ಸೆಟಿನ್ ದಿನವೂ ಬೇಕು, ಪರಿಣಾಮ ತಿಳಿಯಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಹತ್ತನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸಿದವರು ಅದನ್ನು ಪರೀಕ್ಷಿಸಿಯೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರಬಹುದು. ಎದೆನೋವು, ತಲೆಸುತ್ತಿ ಬೀಳುವುದು, ಸಾಯುವ ಯೋಚನೆ ಇವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಿ.

ಮಿಥೈಲ್‌ಫೆನಿಡೇಟ್ 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವ ಔಷಧ. ವೈದ್ಯರ ಚೀಟಿ ಇಲ್ಲದೆ ಸಿಗದು, ಎಲ್ಲ ಅಂಗಡಿಯವರೂ ಇಡುವುದಿಲ್ಲ. ಕೊನೆಯ ಮಾತ್ರೆ ನುಂಗಿದ ದಿನ ಹುಡುಕಲು ಹೊರಟರೆ ಸಿಗದೆ ವಾರ ತಪ್ಪುತ್ತದೆ. ಮಾತ್ರೆಯ ಹಾಳೆಯಲ್ಲಿ ಹತ್ತು ಉಳಿದಾಗ ಅಂಗಡಿಗೆ ಫೋನು ಮಾಡಿ. ಆ ಹತ್ತನೆಯದರ ಹಿಂದೆ ಮಾರ್ಕರಿನಲ್ಲಿ ಗೀಟು ಎಳೆದಿಟ್ಟರೆ ಎಣಿಸುವ ಕೆಲಸವೂ ಇಲ್ಲ. ನುಂಗಿದೆನೋ ಇಲ್ಲವೋ ಎಂಬ ಗೊಂದಲಕ್ಕೆ ಏಳು ಮನೆಯ ಮಾತ್ರೆ ಡಬ್ಬಿ ಇಡಿ. ಇವತ್ತಿನ ಮನೆ ಖಾಲಿ ಇದ್ದರೆ ನುಂಗಿದ್ದೀರಿ. ಡಬ್ಬಿಯೇ ಇಲ್ಲದೆ ಅನುಮಾನ ಬಂದರೆ ಇನ್ನೊಂದು ನುಂಗಬೇಡಿ.

ಮನೆಯವರಿಗೆ

ಅಡುಗೆಮನೆಯಿಂದ ಕೂಗಿ ನಾಲ್ಕು ಕೆಲಸ ಒಟ್ಟಿಗೆ ಹೇಳಬೇಡಿ. ಎದುರಿಗೆ ಬಂದು ಒಂದನ್ನು ಹೇಳಿ, ಉಳಿದದ್ದನ್ನು ಚೀಟಿಯಲ್ಲಿ ಬರೆದು ಕೊಕ್ಕೆಗೆ ಸಿಗಿಸಿ. ‘ಎಷ್ಟು ಸಲ ಹೇಳ್ಬೇಕು’ ಎನ್ನುವ ಬದಲು ‘ಈಗ ಎದ್ದು ಗ್ಯಾಸ್ ಬುಕ್ ಮಾಡ್ತೀಯಾ? ನಾನಿಲ್ಲೇ ಇರ್ತೀನಿ’ ಎಂದರೆ ಕೆಲಸ ಆಗುತ್ತದೆ. ಅವರು ಮಾಡಿಕೊಂಡ ಏರ್ಪಾಟನ್ನು ಒಪ್ಪವಾಗಿ ಕಾಣಲಿ ಎಂದು ಎತ್ತಿಡಬೇಡಿ. ಕಪಾಟಿನೊಳಗೆ ಸೇರಿದ ಮಾತ್ರೆ ಡಬ್ಬಿ ಅವರ ಪಾಲಿಗೆ ಇಲ್ಲದಂತೆಯೇ.

ಮತ್ತೊಂದು ಗೊತ್ತಿರಲಿ. ಯಾವ ಏರ್ಪಾಟೂ ಹೊಸದಾಗಿದ್ದಾಗ ಚೆನ್ನಾಗಿ ನಡೆದು ಕೆಲವು ವಾರಕ್ಕೆ ಕಣ್ಣಿಗೆ ಕಾಣದಂತಾಗುತ್ತದೆ. ಚೀಟಿಯ ಬಣ್ಣ, ಅಲಾರಮ್ಮಿನ ಸದ್ದು, ಇಡುವ ಜಾಗ ಬದಲಿಸುತ್ತಿರಿ. ದಸರಾ ರಜೆಗೆ ನೆಂಟರು ಬಂದು ಮನೆ ತುಂಬಿದಾಗ ಎಲ್ಲವೂ ಒಟ್ಟಿಗೆ ಮುರಿಯುತ್ತದೆ: ತಟ್ಟೆ ಅಡುಗೆಮನೆಗೆ ಹೋಗಿರುತ್ತದೆ, ಕೊಕ್ಕೆಯಲ್ಲಿ ಯಾರದೋ ಚೀಲ, ಡಬ್ಬಿಯಲ್ಲಿ ಮೂರು ದಿನದ ಮಾತ್ರೆ ಹಾಗೇ. ವಿಜಯದಶಮಿಯ ಮಾರನೇ ದಿನ ಎಲ್ಲವನ್ನೂ ಸರಿಮಾಡಲು ಕೂರಬೇಡಿ. ಆ ದಿನ ಮಾತ್ರೆ ಡಬ್ಬಿ ತುಂಬಿಸಿ, ಬೀಗದ ಕೈ ಕೊಕ್ಕೆಗೆ ಹಾಕಿ. ಅಲಾರಂ ಮುಂದಿನ ಸೋಮವಾರಕ್ಕಿರಲಿ, ಬಿಲ್ಲುಗಳು ಅದರ ಮುಂದಿನ ವಾರಕ್ಕೆ.