ಗಂಟಿನ ಮಾತು ಮೊದಲೇ ಹೇಳಿರಬೇಕು

1985ರಲ್ಲಿ ಪೆರುವಿನ ಸಿಯುಲಾ ಗ್ರಾಂಡೆ ಶಿಖರ ಹತ್ತಿ ಇಳಿಯುವಾಗ ಜೋ ಸಿಂಪ್ಸನ್ ಅವರ ಬಲಗಾಲು ಮುರಿಯಿತು. ಜೊತೆಗಾರ ಸೈಮನ್ ಯೇಟ್ಸ್, ಜೋ ಅವರನ್ನು ಹಗ್ಗದಲ್ಲಿ ಇಳಿಸುತ್ತ ಬಂದರು, ಕೊನೆಗೆ ಆ ಹಗ್ಗವನ್ನೇ ಕತ್ತರಿಸಬೇಕಾಯಿತು. ಇಬ್ಬರೂ ಬದುಕಿ ಬಂದರು. ಇದನ್ನು ಕನ್ನಡದಲ್ಲಿ ಬರೆಯುವಾಗಿನ ತೊಡಕು ಇದೇ: ಕೊನೆ ಏನೆಂದು ಓದುವವರಿಗೆ ಗೊತ್ತಿರುತ್ತದೆ. ಹಾಗಾಗಿ ‘ಬದುಕುತ್ತಾನೋ ಇಲ್ಲವೋ’ ಎಂಬ ಕುತೂಹಲವನ್ನು ಕೈಬಿಟ್ಟು, ‘ಈಗ ಏನು ಮಾಡುತ್ತಾನೆ’ ಎಂಬುದನ್ನು ಹಿಡಿದೆ.

ಅದಕ್ಕೆ ಆಧಾರವಾದದ್ದು ಒಂದು ಗಂಟು. ಸುಮಾರು 45 ಮೀಟರಿನ ಎರಡು ಹಗ್ಗ ಸೇರಿಸಿ ಕಟ್ಟಿದ್ದರು. ಸೈಮನ್ ಹಿಮದಲ್ಲಿ ಗುಂಡಿ ತೋಡಿ ಕೂತು, ಬಿಲೇ ಪ್ಲೇಟಿನ (ಹಗ್ಗ ಒಮ್ಮೆಲೇ ಜಾರದಂತೆ ತಡೆಯುವ ಸಣ್ಣ ಲೋಹದ ಬಿಲ್ಲೆ) ಮೂಲಕ ಹಗ್ಗ ಬಿಡುತ್ತಾನೆ. ಅರ್ಧ ಇಳಿದ ಮೇಲೆ ಗಂಟು ಬರುತ್ತದೆ, ಅದು ಪ್ಲೇಟಿನಲ್ಲಿ ತೂರುವುದಿಲ್ಲ. ಕೆಳಗೆ ಜೋ ಒಂಟಿಕಾಲಲ್ಲಿ ನಿಂತು ಹಗ್ಗ ಸಡಿಲ ಮಾಡಬೇಕು, ಆ ಸಡಿಲಿನಲ್ಲಿ ಸೈಮನ್ ಹಗ್ಗ ಬಿಡಿಸಿ, ಗಂಟು ದಾಟಿಸಿ, ಮತ್ತೆ ತೊಡಿಸಬೇಕು.

ಮೊದಲ ಕರಡಿನಲ್ಲಿ ಈ ವಿವರಣೆಯನ್ನು ಅಪಾಯದ ಹೊತ್ತಿನಲ್ಲೇ ಇಟ್ಟಿದ್ದೆ. ಪಾಠ ಶುರುವಾದಂತಾಗಿ ಓಟ ನಿಂತುಹೋಯಿತು. ಆಮೇಲೆ ಅದನ್ನು ಎಲ್ಲ ಸರಿಯಾಗಿ ನಡೆಯುತ್ತಿದ್ದ ಮೊದಲ ಇಳಿತಕ್ಕೇ ಒಯ್ದೆ, ಪೂರ್ತಿಯಾಗಿ. ಎರಡನೆಯ ಸಲ ಒಂದೇ ವಾಕ್ಯ: ‘ಗಂಟು ಬಂತು, ಜೋ ನಿಂತ, ಗಂಟು ದಾಟಿತು.’ ಮೂರನೆಯ ಸಲವೂ ಅದೇ, ಒಂದಕ್ಷರ ಬದಲಿಸದೆ. ಕತ್ತಲಲ್ಲಿ ಜೋ ಹಿಮದ ಅಂಚು ದಾಟಿ ಗಾಳಿಯಲ್ಲಿ ತೂಗತೊಡಗಿದಾಗ ಬರೆದದ್ದು ‘ಗಂಟು ಬಂತು’ ಎಂದಷ್ಟೇ. ನಿಲ್ಲಲು ಕಾಲಡಿ ಏನೂ ಇಲ್ಲವೆಂದು ಓದುವವರಿಗೇ ಹೊಳೆಯುತ್ತದೆ.

ಸೈಮನ್‌ನ ಭಾಗದಲ್ಲಿ ಆ ಅಂಚಿನ ಸುದ್ದಿಯೇ ಇಲ್ಲ, ಅವನಿಗೆ ಅದು ಕಂಡಿರಲಿಲ್ಲ. ಅವನಿಗೆ ತಿಳಿದದ್ದು ಹಗ್ಗದ ಭಾರ ಮಾತ್ರ. ಇಲ್ಲಿ ನಮ್ಮ ಕ್ರಿಯಾಪದ ವಾಕ್ಯದ ತುದಿಗೆ ಬರುವುದು ದೊಡ್ಡ ಅನುಕೂಲ: ‘ಸೈಮನ್, ಕೂತ ಗುಂಡಿ ಕುಸಿಯುತ್ತಿದ್ದರೂ, ಕೂಗಿಗೆ ಉತ್ತರ ಬರದಿದ್ದರೂ, ಬೆರಳು ಮರಗಟ್ಟಿದ್ದರೂ, ಹಿಡಿದೇ ಇದ್ದ.’ ‘ಹಿಡಿದೇ ಇದ್ದ’ ಬರುವವರೆಗೆ ಓದುವವರೂ ಉಸಿರು ಹಿಡಿದಿರುತ್ತಾರೆ. ಆದರೆ ಕರ್ತೃ ವಾಕ್ಯದ ತಲೆಯಲ್ಲೇ ಇರಬೇಕು. ಅದನ್ನು ಬಿಟ್ಟು ‘ಗುಂಡಿ ಕುಸಿದು, ಹಗ್ಗ ಜಗ್ಗಿ, ಬೆರಳು ಮರಗಟ್ಟಿ ಹಿಡಿದಿದ್ದ’ ಎಂದರೆ ಯಾರು ಏನು ಹಿಡಿದರೆಂದೇ ತಿಳಿಯದು. ಇಂಥ ತುಂಡುಗಳು ಮೂರಕ್ಕಿಂತ ಹೆಚ್ಚಾದರೆ ಬಿಗಿ ಹೋಗಿ ಬರೀ ಉದ್ದ ಉಳಿಯುತ್ತದೆ.

ಕತ್ತರಿಸುವ ವಾಕ್ಯಕ್ಕೇ ಹೆಚ್ಚು ತಿದ್ದುಪಡಿ ಬಿತ್ತು. ಮೊದಲು: ‘ಬೇರೆ ದಾರಿ ಕಾಣದೆ, ಒಡೆದ ಮನಸ್ಸಿನಿಂದ ಹಗ್ಗವನ್ನು ಕತ್ತರಿಸಿಬಿಟ್ಟ.’ ‘ಒಡೆದ ಮನಸ್ಸು’ ನಾನು ಸೇರಿಸಿದ್ದು. ‘ಬಿಟ್ಟ’ ಎಂಬುದರಲ್ಲಿ ‘ಅಯ್ಯೋ’ ಅಡಗಿದೆ, ತೀರ್ಪನ್ನು ನಾನೇ ಕೊಟ್ಟಂತೆ. ಎರಡನೆಯದು: ‘ಹಗ್ಗ ತುಂಡಾಯಿತು.’ ಕಿವಿಗೆ ಚೆನ್ನ, ಆದರೆ ಮಾಡಿದವನನ್ನೇ ಮರೆಮಾಚುತ್ತದೆ. ತಾನು ಮಾಡಿದ್ದನ್ನು ಮುಚ್ಚಿಡದ ಮನುಷ್ಯನಿಗೆ ಅದು ಅನ್ಯಾಯ. ಉಳಿಸಿದ್ದು: ‘ಚೀಲದಲ್ಲಿ ಚಾಕು ಇತ್ತು. ತೆಗೆದ. ಹಗ್ಗ ಕತ್ತರಿಸಿದ.’

ಇನ್ನು ಕೆಲವು ಸಣ್ಣ ಸಂಗತಿ. ಪೀಠಿಕೆಯಲ್ಲಿ ಬಹುವಚನ ಬಳಸಿ, ಹಗ್ಗ ಹಿಡಿದ ಕೂಡಲೇ ಏಕವಚನಕ್ಕೆ ಇಳಿದೆ. ‘ನೇತಾಡುತ್ತಿದ್ದರು’ ಎಂದರೆ ಒಬ್ಬರೋ ಇಬ್ಬರೋ ಎಂಬ ಗೊಂದಲ, ಸಾಲದ್ದಕ್ಕೆ ವರದಿಯ ದೂರ. ಹಾಗೆಯೇ ‘ಬಿದ್ದನಂತೆ’ಯ ‘ಅಂತೆ’. ಮೂಲ ಯಾರದೆಂದು ಮೊದಲೇ ಸ್ಪಷ್ಟವಾಗಿ ಹೇಳಿ, ಮುಂದೆ ಅದನ್ನು ಪೂರ್ತಿ ಬಿಟ್ಟೆ. ‘ಇದ್ದಕ್ಕಿದ್ದಂತೆ’, ‘ಅಷ್ಟರಲ್ಲೇ’, ‘ಎದೆ ಝಲ್ಲೆಂದಿತು’ ಎಲ್ಲ ಹೋದವು. ‘ಸರ್ರನೆ’ ಒಂದೇ ಕಡೆ ಉಳಿಯಿತು, ಜೋ ಹಿಮಬಿರುಕಿಗೆ ಬೀಳುವಲ್ಲಿ.

ಬಿರುಕಿನಿಂದ ಹೊರಬಿದ್ದು ಶಿಬಿರದತ್ತ ತೆವಳುವ ಭಾಗಕ್ಕೆ ಬೇರೆ ಲಯ ಬೇಕಾಯಿತು. ಮುಂದಿನ ಬಂಡೆಗೆ ಇಪ್ಪತ್ತು ನಿಮಿಷ ಎಂದು ಜೋ ಗಡಿಯಾರ ನೋಡಿ ಗಡುವು ಹಾಕಿಕೊಳ್ಳುತ್ತಿದ್ದ. ಪ್ರತಿ ಪ್ಯಾರಾದ ಮೊದಲ ಪದ ಹೊತ್ತು, ಕೊನೆಯ ಪದ ಒಂದು ಬಂಡೆ. ಗಡುವು ಮೀರಿದ ಕಡೆ ಬಂಡೆ ಬರೆಯಲಿಲ್ಲ, ಪ್ಯಾರಾ ಅರ್ಧಕ್ಕೇ ನಿಲ್ಲಿಸಿದೆ.